ಬೀಗ ಹಾಕಿದ್ದ ಯೋಗದ ಕ್ಲಾಸಿಗೂ ಫೀಸು ಕಟ್ಟಿದ್ವಿ, ಅದ್ರಲ್ಲೇನು ತಪ್ಪು?

ಕೊರೋನ ಟೈಮಲ್ಲಿ ಬಾಗಿಲು ಮುಚ್ಚಿದ್ದ ಯೋಗದ ಕ್ಲಾಸಿಗೆ ತಿಂಗಳು ತಿಂಗಳೂ ದುಡ್ಡು ಕಟ್ಟಿದ ಹೆಂಗಸ್ರು ನಾವು ಹನ್ನೊಂದು ಜನ. ಇಷ್ಟು ವರ್ಷ ಆದ್ರೂ ಈ ವಿಷ್ಯ ನಮ್ಮನ್ನ ಬಿಟ್ಟಿಲ್ಲ. ಮದುವೆ ಮನೇಲಿ, ಸೀಮಂತದಲ್ಲಿ, ಹಾಲಿನ ಡೈರಿ ಮುಂದೆ, ಎಲ್ಲಿ ಸಿಕ್ಕಿದ್ರೂ ಒಬ್ರಾದ್ರೂ ಕೇಳೇ ಕೇಳ್ತಾರೆ. "ಕ್ಲಾಸೇ ನಡೀಲಿಲ್ವಂತೆ, ಫೀಸು ಮಾತ್ರ ಕಟ್ಟಿದ್ರಂತೆ? ದುಡ್ಡು ಜಾಸ್ತಿ ಆಗಿತ್ತೇನ್ರಮ್ಮ?" ಅಂತ. ಕೇಳಿ ನಗ್ತಾರೆ. ನಾವೂ ಇಷ್ಟು ದಿನ ನಕ್ಕು ಸುಮ್ನಾಗ್ತಿದ್ವಿ. ಇವಾಗ ಸುಮ್ನಿರೋಕಾಗಲ್ಲ. ಯಾಕಂದ್ರೆ ಅದೇ ಮಾತು ಹೇಳಿ ಹೇಳಿ ಇವಾಗ ಕ್ಲಾಸೇ ನಿಂತೋಗೋ ಹಂತಕ್ಕೆ ಬಂದೈತೆ. ಬಾಡಿಗೆ ಏರೈತೆ, ಬರೋರು ಕಮ್ಮಿ ಆಗವ್ರೆ, "ಎಲ್ಲಾ ಫೋನಲ್ಲೇ ಸಿಗುತ್ತಲ್ಲ ಬಿಡ್ರಿ" ಅನ್ನೋರು ಜಾಸ್ತಿ ಆಗವ್ರೆ. ಅದಕ್ಕೆ ಕೇಳಿದೋರಿಗೆಲ್ಲ ಒಂದೇ ಸಲ ಉತ್ತರ ಬರೀತಿದೀನಿ. ಬೈಯೋದಿದ್ರೆ ಬೈರಿ, ಆದ್ರೆ ಪೂರ್ತಿ ಓದಿ ಬೈರಿ.

ನಾನು ಹೇಳೋದು ಇಷ್ಟೇ. ನಾವು ಕಟ್ಟಿದ್ದು ದಾನ ಅಲ್ಲ, ದಡ್ಡತನಾನೂ ಅಲ್ಲ. ಹೇಳಿಕೊಡೋರು ನಾಳೆ ನಮಗೆ ಬೇಕು ಅಂದ್ರೆ, ಕ್ಲಾಸು ನಿಂತಿರೋ ದಿನಾನೂ ಅವರ ಮನೇಲಿ ಒಲೆ ಉರೀಬೇಕು. ಬೇಕಾದಾಗ ಮಾತ್ರ ಕೊಡ್ತೀನಿ ಅನ್ನೋರಿಗೆ, ಬೇಕಾದಾಗ ಅವರು ಸಿಗಲ್ಲ.

ಹೊರಗಿರೋ ನೆಂಟ್ರಿಗೆ ಗೊತ್ತಿರಲ್ಲ, ಅವರಿಗೋಸ್ಕರ ಸ್ವಲ್ಪ ಹೇಳ್ಬಿಡ್ತೀನಿ. ನಮ್ಮ ವಿಜಯಪುರ ರೇಷ್ಮೆ ಊರು. ಇಲ್ಲಿ ಹೆಂಗಸ್ರು ಬೆಳಿಗ್ಗೆ ಎದ್ರೆ ಹುಳದ ಮನೆ, ಹಿಪ್ಪುನೇರಳೆ ಸೊಪ್ಪು, ಬಿಚ್ಚಾಣಿಕೆ, ಅಡುಗೆ, ಹಸು, ಮಕ್ಕಳು, ಇಷ್ಟ್ರಲ್ಲೇ ಮುಳುಗಿರೋರು. ಇಂಥ ಊರಲ್ಲಿ ಒಂದು ಮಹಡಿ ಮೇಲೆ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಒಂದು ರೂಮು. ಕೆಳಗಡೆ ಒಂದು ಕಾಲದಲ್ಲಿ ಗೂಡು ಇಡ್ತಿದ್ರು, ಮಳೆ ಬಂದ್ರೆ ಈಗ್ಲೂ ಆ ವಾಸನೆ ಹೊಡಿಯುತ್ತೆ. ಅಲ್ಲಿ ನಮ್ಮ ಟೀಚರಮ್ಮ ಬೆಳಿಗ್ಗೆ ಆರಕ್ಕೊಂದು, ಹನ್ನೊಂದಕ್ಕೊಂದು ಕ್ಲಾಸು ತಗೋತಿದ್ರು. ಅವರ ಹೆಸರು ಹಾಕ್ಬೇಡಿ ಅಂದವ್ರೆ, ಅದಕ್ಕೆ ಟೀಚರಮ್ಮ ಅಂತಾನೇ ಬರೀತೀನಿ. ಬರೋರಲ್ಲಿ ಎಲ್ಲಾ ಥರದೋರೂ ಇದ್ರು. ಮಂಡಿ ನೋವಿನೋರು, ಶುಗರಿನೋರು, ಮುಟ್ಟು ನಿಲ್ಲೋ ವಯಸ್ಸಲ್ಲಿ ರಾತ್ರಿ ನಿದ್ದೆ ಬರದೋರು, ಸೊಸೆ ಬಂದ್ಮೇಲೆ ಸ್ವಂತ ಮನೇಲೇ ಕೂರೋಕೆ ಜಾಗ ಇಲ್ದೋರು, ಅತ್ತೆ ಕಾಟಕ್ಕೆ ಒಂದು ಗಂಟೆ ತಪ್ಪಿಸ್ಕೊಂಡು ಬರೋ ಸೊಸೆಯಂದಿರು. ಪಕ್ಕದ ಬೀದಿ ಆಪಾನೂ ಬರ್ತಿದ್ರು. ಓಂಕಾರ ಹೇಳೋ ಹೊತ್ತಲ್ಲಿ ಅವರು ಸುಮ್ನೆ ಕಣ್ಮುಚ್ಕೊಂಡು ಕೂತ್ಕೊಳ್ಳೋರು. ಅದಕ್ಕೆ ಯಾರೂ ಏನೂ ಅಂದೋರಲ್ಲ.

ಲೆಕ್ಕಾನೂ ಹೇಳ್ತೀನಿ, ಯಾಕಂದ್ರೆ ಜಗಳ ಎಲ್ಲಾ ದುಡ್ಡಿಂದೇ. ಆವಾಗ ಎರಡು ಕ್ಲಾಸೂ ಸೇರಿ ಇಪ್ಪತ್ತೆರಡು ಜನ, ತಲೆಗೆ 400 ರೂಪಾಯಿ. ಒಟ್ಟು 8,800. ರೂಮಿನ ಬಾಡಿಗೆ 4,500, ಕರೆಂಟಿಗೆ 300. ಮಿಕ್ಕಿದ 4,000 ಟೀಚರಮ್ಮನಿಗೆ. ತಿಂಗಳಿಗೆ 4,000 ತಗೊಂಡು ಯಾರೂ ಬಂಗಲೆ ಕಟ್ಟಲ್ಲ ಕಣ್ರಮ್ಮ.

2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ ಅಂದ್ರು, ಚಪ್ಪಾಳೆ ತಟ್ಟಿದ್ವಿ. 24ರ ರಾತ್ರಿ ಪ್ರಧಾನಿಗಳು ಟೀವೀಲಿ ಬಂದು 21 ದಿನ ಲಾಕ್‌ಡೌನ್ ಅಂದ್ರು. 21 ದಿನ ಅಂದಿದ್ದು ಮೇ 31ರ ತನಕ ಎಳೀತು. ಏರ್‌ಪೋರ್ಟಿನ ಪಕ್ಕದ ಊರು ನಮ್ಮದು, ಎರಡು ತಿಂಗಳು ತಲೆ ಮೇಲೆ ವಿಮಾನದ ಸದ್ದೇ ಅಪರೂಪ ಆಗೋಯ್ತು. ಅಲ್ಲಿ ಕೆಲಸಕ್ಕೆ ಹೋಗ್ತಿದ್ದ ಹುಡುಗ್ರು ಮನೇಲಿ ಕೂತ್ರು. ಗೂಡಿನ ರೇಟು ಬಿದ್ದೋಯ್ತು, ಹೂವು ತಿಪ್ಪೆ ಸೇರ್ತು, ದ್ರಾಕ್ಷಿ ಕೊಳ್ಳೋರಿಲ್ದೆ ಬಳ್ಳೀಲೇ ಉಳೀತು. ಇಂಥ ಹೊತ್ತಲ್ಲಿ ಯೋಗದ ಕ್ಲಾಸಿನ ಫೀಸು ಅಂದ್ರೆ ಯಾರಿಗಾದ್ರೂ ನಗು ಬರುತ್ತೆ, ಒಪ್ತೀನಿ.

ಆದ್ರೂ ಕಟ್ಟಿದ್ವಿ. ಇಪ್ಪತ್ತೆರಡು ಜನದಲ್ಲಿ ಹನ್ನೊಂದು ಜನ. ಹನ್ನೊಂದು ನಾನೂರು ಅಂದ್ರೆ 4,400, ಬಾಡಿಗೇನೇ 4,500. ಓನರು ಮೂರು ತಿಂಗಳು ಅರ್ಧ ಬಾಡಿಗೆ ತಗೊಂಡ್ರು, ಆ ಪುಣ್ಯಾತ್ಮರನ್ನ ಮರೆಯಂಗಿಲ್ಲ. ಆ ಮೂರು ತಿಂಗಳು ಟೀಚರಮ್ಮನ ಕೈಗೆ ಎರಡು ಸಾವಿರದ ಚಿಲ್ರೆ ಉಳೀತು. ಆಮೇಲೆ ಅದೂ ಇಲ್ಲ. ಅವರು ಹಗಲೆಲ್ಲ ಮಾಸ್ಕು ಹೊಲಿದು ಸಂಸಾರ ತೂಗಿಸಿದ್ರು. ನಮ್ಮ ಫೀಸಿಂದ ಅವರ ಹೊಟ್ಟೆ ತುಂಬಿಲ್ಲ. ಆದ್ರೆ ಆ ರೂಮು ಉಳೀತು. ರೂಮು ಬಿಟ್ಟಿದ್ರೆ ಮತ್ತೆ ಅಡ್ವಾನ್ಸು ಕೊಟ್ಟು ಇನ್ನೊಂದು ರೂಮು ಹಿಡಿಯೋ ಶಕ್ತಿ ಅವರಿಗಿರ್ಲಿಲ್ಲ. ಅಲ್ಲಿಗೆ ಮುಗಿದೋಗ್ತಿತ್ತು ಕಥೆ.

ಈಗ ನಿಮ್ಮ ಮಾತಿಗೆ ಬರ್ತೀನಿ. ಮೊದಲನೇದು, "ನಡೀದೇ ಇರೋ ಕ್ಲಾಸಿಗೆ ಯಾಕೆ ದುಡ್ಡು?"

ಅಲ್ರಮ್ಮ, ಮಕ್ಕಳ ಸ್ಕೂಲು ನಡೀತಾ? ಅಲ್ಲೂ ಬೀಗಾನೇ. 2021ರ ಜನವರೀಲಿ ಸರ್ಕಾರಾನೇ ಖಾಸಗಿ ಶಾಲೆಗಳು ಬೋಧನಾ ಶುಲ್ಕದಲ್ಲಿ 70 ಪರ್ಸೆಂಟ್ ತಗೋಬಹುದು ಅಂತ ಆದೇಶ ಮಾಡ್ತು. ಗೊಣಗಾಡ್ಕೊಂಡು ಕಟ್ಟಿದ್ವಿ, ಯಾಕಂದ್ರೆ ಸ್ಕೂಲು ಮುಳುಗಿದ್ರೆ ಮೇಷ್ಟ್ರು ಮನೆಗೆ ಹೋಗ್ತಾರೆ, ನಮ್ಮ ಮಕ್ಕಳಿಗೆ ನಾಳೆ ಯಾರೂ ಇರಲ್ಲ ಅಂತ. ಕೇಬಲ್ ಟೀವಿಗೆ ಕಟ್ಟಿದ್ವಿ. ಹಳೇ ಸೀರಿಯಲ್ಲನ್ನೇ ಮತ್ತೆ ಮತ್ತೆ ಹಾಕ್ತಿದ್ರೂ ಕಟ್ಟಿದ್ವಿ. ಅದಕ್ಕೆಲ್ಲ ಯಾರೂ ನಗಲ್ಲ. ಹೆಂಗಸ್ರು ಅವರಿಗೋಸ್ಕರ ಅಂತ ಕಟ್ಟಿದ 400 ರೂಪಾಯಿಗೆ ಮಾತ್ರ ನಗು ಬರುತ್ತೆ.

ಮನೇಲಿ ಹಸು ಕಟ್ಟಿರೋರು ಹೇಳ್ರಿ. ಹಾಲು ಬತ್ತಿದ ಎರಡು ತಿಂಗಳು ಹಸೀಗೆ ಮೇವು ಹಾಕಲ್ವಾ? "ನೀನು ಕೊಟ್ಟಾಗ ಹಾಕ್ತೀನಿ, ಅಲ್ಲೀಗಂಟ ಗಾಳಿ ಕುಡಿ" ಅಂತೀರಾ? ಆ ಎರಡು ತಿಂಗಳು ಹಾಕಿದ ಹಿಂಡೀನೇ ಮುಂದಿನ ಕರುವಿಗೆ ಹಾಲಾಗೋದು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡನೇ ಮಾತು. ಇದನ್ನ ದೊಡ್ಡೋರೆಲ್ಲ ಹೇಳ್ತಾರೆ. "ಯೋಗ ಋಷಿಗಳು ಕೊಟ್ಟ ವಿದ್ಯೆ, ಅದನ್ನ ದುಡ್ಡಿಗೆ ಮಾರಬಾರದು."

ಕೇಳೋಕೆ ಬಹಳ ಚೆನ್ನಾಗೈತೆ. ಆದ್ರೆ ಋಷಿಗಳಿಗೆ ಬಾಡಿಗೆ ಕಟ್ಟೋದಿರ್ಲಿಲ್ಲ. ನಮ್ಮ ರಾಜ್ಯದ್ದೇ ಕಥೆ ತಗೊಳ್ಳಿ. ಇವತ್ತು ಪ್ರಪಂಚದಲ್ಲಿ ಯೋಗ ಅಂತ ಮಾಡೋದ್ರಲ್ಲಿ ಬಹಳಷ್ಟು ಹೊರಟಿದ್ದು ಮೈಸೂರಿಂದ. ಚಿತ್ರದುರ್ಗದ ಕಡೆ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರನ್ನ ನಾಲ್ವಡಿ ಕೃಷ್ಣರಾಜ ಒಡೆಯರು ಕರೆಸ್ಕೊಂಡು, 1933ರಲ್ಲಿ ಜಗನ್ಮೋಹನ ಅರಮನೇಲಿ ಯೋಗಶಾಲೆ ಶುರು ಮಾಡಿಸಿದ್ರು. ಅಷ್ಟು ದೊಡ್ಡ ವಿದ್ವಾಂಸರಿಗೂ ಅರಮನೆಯಿಂದ ಸಂಬಳ ಬರ್ತಿತ್ತು. ನಾಲ್ವಡಿಯೋರು 1940ರಲ್ಲಿ ತೀರ್ಕೊಂಡ್ರು, ಸ್ವಾತಂತ್ರ್ಯ ಬಂತು, ಅರಮನೆ ಆಸರೆ ಹೋಯ್ತು. 1950ಕ್ಕೆ ಆ ಶಾಲೆ ಮುಚ್ಚಿತು. ಕೃಷ್ಣಮಾಚಾರ್ಯರು ಮದ್ರಾಸಿಗೆ ಹೋದ್ರು. ವಿದ್ಯೆ ಇತ್ತು, ಗುರು ಇದ್ರು. ದುಡ್ಡು ನಿಲ್ತು, ಬಾಗಿಲು ಮುಚ್ತು, ಅಷ್ಟೇ. ಅಂಥೋರಿಗೇ ಹಂಗಾದ್ಮೇಲೆ ನಮ್ಮ ಮಹಡಿ ಮೇಲಿನ ರೂಮು ಯಾವ ಲೆಕ್ಕ?

ಇನ್ನೊಂದು ಕಥೆ ನಮ್ಮ ಪಕ್ಕದ ಜಿಲ್ಲೇದು. ಬಿ.ಕೆ.ಎಸ್. ಅಯ್ಯಂಗಾರ್ ಅಂತ ಹೆಸರು ಕೇಳಿರ್ತೀರಿ. ಹೆಸರಲ್ಲಿರೋ 'ಬಿ' ಅಂದ್ರೆ ಬೆಳ್ಳೂರು, ಕೋಲಾರ ಜಿಲ್ಲೇದು. ಅವರು ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ. ಆವಾಗ್ಲೂ ಪ್ರಪಂಚಕ್ಕೆಲ್ಲ ಇನ್‌ಫ್ಲುಯೆಂಜಾ ಅಂತ ದೊಡ್ಡ ರೋಗ ಬಂದಿತ್ತು. ಹೆತ್ತ ತಾಯಿಗೂ ಅದೇ ಕಾಯಿಲೆ ಹಿಡಿದಿತ್ತು. ಮಗು ಕಡ್ಡಿ ಥರ, ಆಮೇಲೆ ಮಲೇರಿಯಾ, ಟೈಫಾಯ್ಡು, ಕ್ಷಯ, ಒಂದೂ ಬಿಡ್ಲಿಲ್ಲ. ಆ ಹುಡುಗನಿಗೆ ಯೋಗ ಹೇಳಿಕೊಟ್ಟೋರು ಇದೇ ಕೃಷ್ಣಮಾಚಾರ್ಯರು, ಅಕ್ಕನ ಗಂಡ. 1937ರಲ್ಲಿ ಪೂನಾಕ್ಕೆ ಹೇಳಿಕೊಡೋಕೆ ಹೋದಾಗ ಅವರ ಕೈಲಿ ಕಾಸಿರ್ಲಿಲ್ಲ. ಕಲಿಯೋಕೆ ಬಂದೋರು ಕೊಟ್ಟಿದ್ರಲ್ಲೇ ಅವರು ನಿಂತಿದ್ದು. ಅವರೆಲ್ಲ "ಯೋಗಕ್ಕೆಲ್ಲ ದುಡ್ಡಾ?" ಅಂದಿದ್ರೆ ಬೆಳ್ಳೂರಿನ ಹುಡುಗ ಇನ್ನೇನೋ ಕೆಲಸ ಹುಡುಕ್ಕೊಂಡು ಹೋಗಿರೋರು, ನಮಗೆ ನಿಮಗೆ ಹೆಸರೂ ಗೊತ್ತಿರ್ತಿರ್ಲಿಲ್ಲ.

ಪುಕ್ಕಟೆ ಹೇಳಿಕೊಡೋರು ಇಲ್ವಾ ಅಂತ ಕೇಳ್ತೀರಿ. ಅವ್ರೆ, ದೊಡ್ಡ ಮನಸ್ಸಿನೋರು. ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮೀಜಿ ಊರೂರು ತಿರುಗಿ ಯೋಗ ಹೇಳಿಕೊಟ್ರು, ಕೈ ಮುಗೀತೀನಿ. ಆದ್ರೆ ಅವರು ಸನ್ಯಾಸಿಗಳು. ನಮ್ಮ ಟೀಚರಮ್ಮನಿಗೆ ಕಾಯಿಲೆಯ ಅತ್ತೆ ಅವ್ರೆ, ಓದೋ ಮಗಳು ಅವಳೆ, ಗ್ಯಾಸ್ ಸಿಲಿಂಡರು ಐತೆ. ಸಂಸಾರಸ್ಥ ಹೆಂಗಸಿಗೆ ಸನ್ಯಾಸಿ ಥರ ಇರು ಅನ್ನೋದು ಯಾವ ನ್ಯಾಯ? ಕಷ್ಟಕ್ಕೆ ಸಿಕ್ಕೋ ಹೆಂಗಸ್ರ ಕೆಲಸ ಎಲ್ಲಾನೂ ನಮಗೆ ಸೇವೆ ಥರಾನೇ ಕಾಣೋದು ಯಾಕೋ.

ಮೂರನೇ ಮಾತು, "ಫೋನಲ್ಲೇ ಎಲ್ಲಾ ಸಿಗುತ್ತೆ."

ಸಿಗುತ್ತೆ. ನಾವೂ ನೋಡಿದ್ವಿ. ಟೀಚರಮ್ಮ ಏಪ್ರಿಲಲ್ಲೇ ಫೋನಲ್ಲಿ ಕ್ಲಾಸು ಶುರು ಮಾಡಿದ್ರು. ಅದರ ಪಾಡು ಕೇಳ್ರಿ. ಮನೇಲಿ ಇರೋದು ಒಂದು ದೊಡ್ಡ ಫೋನು, ಅದು ಮಗನ ಆನ್‌ಲೈನ್ ಪಾಠಕ್ಕೆ ಬೇಕು. ಹಾಲಲ್ಲಿ ಗಂಡ, ಮಾವ, ಮೈದುನ ಎಲ್ಲಾ ಲಾಕ್‌ಡೌನಲ್ಲಿ ಕೂತವ್ರೆ. ಅವರ ಮುಂದೆ ಕಾಲೆತ್ತಿ ಆಸನ ಹಾಕೋಕಾಗುತ್ತಾ? ಕೆಲವ್ರು ಹುಳದ ಮನೇಲಿ, ಕೆಲವ್ರು ದೇವರ ಮನೇಲಿ, ಒಬ್ರಂತೂ ಬಚ್ಚಲ ಪಕ್ಕದ ಓಣೀಲಿ ಚಾಪೆ ಹಾಸ್ಕೊಂಡು ಮಾಡಿದ್ರು. ಕರೆಂಟು ಹೋದ್ರೆ ನೆಟ್ಟು ಹೋಯ್ತು. ಫೋನಲ್ಲಿ ಟೀಚರಮ್ಮನಿಗೆ ನಮ್ಮ ಮಂಡಿ ಎಲ್ಲೈತೆ, ಸೊಂಟ ಎಲ್ಲೈತೆ ಕಾಣಲ್ಲ. "ಬಲಗಾಲು ಸ್ವಲ್ಪ ಒಳಗೆ ತಗೊಳ್ಳಿ" ಅಂತ ಕೈ ಹಿಡಿದು ತಿದ್ದೋದು ಅಲ್ಲಿಲ್ಲ. ಐವತ್ತು ದಾಟಿದ ಮೂಳೆಗೆ ವೀಡಿಯೋ ನೋಡ್ಕೊಂಡು ಹಲಾಸನ ಹಾಕಿ ಕತ್ತು ಹಿಡ್ಕೊಂಡು ಕೂತೋರು ನಮ್ಮ ಬೀದೀಲೇ ಅವ್ರೆ. ವೀಡಿಯೋದಲ್ಲಿರೋ ಹುಡುಗಿ ವಯಸ್ಸು ಇಪ್ಪತ್ತೈದು. ಅವಳಿಗೆ ನಿಮ್ಮ ಬೀಪಿ ಗೊತ್ತಾ?

ಹಂಗಾದ್ರೂ ನಾವು ಆ ಫೋನ್ ಕ್ಲಾಸನ್ನ ಬಿಡ್ಲಿಲ್ಲ, ಯಾಕಂದ್ರೆ ಅಲ್ಲಿ ಹೇಳಿಕೊಡ್ತಿದ್ದೋರು ನಮ್ಮನ್ನ ಕಂಡಿದ್ದೋರು. "ನಿಮಗೆ ಆಪರೇಷನ್ ಆಗೈತೆ, ನೀವು ಇದು ಮಾಡ್ಬೇಡಿ" ಅಂತ ಹೆಸರು ಹಿಡಿದು ಹೇಳೋರು. ಎರಡು ದಿನ ಬರದಿದ್ರೆ ಫೋನ್ ಮಾಡೋರು. ಇನ್ನೊಂದು ಮಾತು ಹೇಳ್ಲೇಬೇಕು. ಆ ಏಪ್ರಿಲಲ್ಲಿ ಮುಸ್ಲಿಮರ ಹತ್ರ ತರಕಾರಿ ತಗೋಬೇಡಿ, ಅವರಿಂದಾನೇ ರೋಗ ಬರೋದು ಅಂತ ಮೆಸೇಜುಗಳು ಹಾರಾಡ್ತಿದ್ವು. ಒಂದು ನಮ್ಮ ಗ್ರೂಪಿಗೂ ಬಂತು. ಅದೇ ಗ್ರೂಪಲ್ಲಿ ಆಪಾನೂ ಅವ್ರೆ. ಟೀಚರಮ್ಮ ಒಂದೇ ಮಾತು ಬರೆದ್ರು, "ಇಲ್ಲಿ ಯೋಗದ ವಿಷ್ಯ, ಕಷ್ಟಸುಖದ ವಿಷ್ಯ ಬಿಟ್ಟು ಬೇರೆ ಹಾಕಂಗಿಲ್ಲ, ಅಳಿಸ್ಬಿಡಿ." ಅಳಿಸಿದ್ರು. ಆಪ ಮಾರನೇ ದಿನಾನೂ ಕ್ಲಾಸಿಗೆ ಬಂದ್ರು. ಊರೆಲ್ಲ ಒಬ್ರನ್ನೊಬ್ರು ಅನುಮಾನದಿಂದ ನೋಡ್ತಿದ್ದಾಗ ಹನ್ನೆರಡು ಹೆಂಗಸ್ರು ಬೆಳಿಗ್ಗೆ ಒಂದು ಗಂಟೆ ಒಟ್ಟಿಗೆ ಉಸಿರಾಡ್ತಿದ್ವಿ. ಯಾವ ವೀಡಿಯೋ ಇದನ್ನ ಕೊಡುತ್ತೆ ಹೇಳ್ರಿ.

ಈಗ ಸರ್ಕಾರದ ಮಾತು. ನಾನು ಪಕ್ಷದೋಳಲ್ಲ, ಕಂಡಿದ್ದು ಹೇಳ್ತೀನಿ. 2020ರ ಮೇ 4ಕ್ಕೆ ರಾಜ್ಯದಲ್ಲಿ ಹೆಂಡದಂಗಡಿ ತೆಗೆದ್ರು. ಬೆಳಿಗ್ಗೆ ಬೆಳಿಗ್ಗೇನೇ ಮೈಲುದ್ದ ಕ್ಯೂ ನಿಂತಿದ್ದನ್ನ ಟೀವೀಲಿ ನೀವೂ ನೋಡಿದ್ರಿ. ಯೋಗದ ಕ್ಲಾಸು, ಜಿಮ್ಮು ತೆಗೀಬಹುದು ಅಂದಿದ್ದು ಆಗಸ್ಟ್ 5ಕ್ಕೆ. ಮೂರು ತಿಂಗಳು ಆಮೇಲೆ. ರೋಗ ಹರಡದಂಗೆ ನೋಡ್ಕೋಬೇಕು ನಿಜ, ಮುಚ್ಚಿದ ರೂಮಲ್ಲಿ ಜನ ಸೇರೋದು ಅಪಾಯ ನಿಜ. ಅದನ್ನ ಟೀಚರಮ್ಮಾನೇ ಮೊದಲು ಹೇಳಿದ್ದು. ನನ್ನ ತಕರಾರು ಮುಚ್ಚಿಸಿದ್ದಕ್ಕಲ್ಲ, ಮುಚ್ಚಿಸಿದೋರ ಹೊಟ್ಟೆಗೇನು ಅಂತ ಯೋಚ್ನೆ ಮಾಡದೇ ಇದ್ದಿದ್ದಕ್ಕೆ. ಮಧ್ಯದಲ್ಲಿ ಜೂನ್ 21ಕ್ಕೆ ಯೋಗ ದಿನ ಬಂತು. ಮನೇಲೇ ಯೋಗ, ಮನೆಯೋರ ಜೊತೆ ಯೋಗ ಅಂತ ಆ ವರ್ಷದ ಘೋಷಣೆ. ಟೀವೀಲಿ ಎಲ್ಲಾ ದೊಡ್ಡೋರೂ ಆಸನ ಹಾಕಿದ್ರು. ಆ ಆಸನ ಊರೂರಲ್ಲಿ ಹೇಳಿಕೊಟ್ಟೋರು ಅವತ್ತು ಏನು ತಿಂದ್ರು ಅಂತ ಒಬ್ರೂ ಕೇಳ್ಲಿಲ್ಲ.

ಪರಿಹಾರ ಕೊಟ್ರಲ್ಲ ಅಂತೀರಿ. ಹೌದು, 2020ರ ಮೇ 6ಕ್ಕೆ ಯಡಿಯೂರಪ್ಪನೋರು 1,610 ಕೋಟಿ ಪ್ಯಾಕೇಜು ಹೇಳಿದ್ರು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಟ್ಯಾಕ್ಸಿಯೋರಿಗೆ 5,000, ಹೂವು ಬೆಳೆದೋರಿಗೆ ಹೆಕ್ಟೇರಿಗೆ 25,000. ಕೊಟ್ಟಿದ್ದು ಒಳ್ಳೇದೇ, ಇನ್ನೂ ಕೊಡ್ಬೇಕಿತ್ತು. 2021ರ ಮೇನಲ್ಲಿ ಇನ್ನೊಂದು ಪ್ಯಾಕೇಜು ಬಂತು, ಅದ್ರಲ್ಲಿ ಟೈಲರು, ಮೆಕ್ಯಾನಿಕ್ಕು, ಮನೆ ಕೆಲಸದೋರಿಗೆಲ್ಲ 2,000. ಪೇಪರಲ್ಲಿ ಬಂದ ಆ ಪಟ್ಟಿಗಳನ್ನ ಎರಡು ಸಲ ಓದಿದೆ, ಯೋಗ ಹೇಳಿಕೊಡೋರು ಅಂತ ನನ್ನ ಕಣ್ಣಿಗೆ ಬೀಳ್ಲಿಲ್ಲ. "ಹೆಂಗೂ ಮಾಸ್ಕು ಹೊಲೀತೀರಲ್ಲ, ಟೈಲರ್ ಅಂತ ಅರ್ಜಿ ಹಾಕ್ರಿ" ಅಂದ್ವಿ. "ನಾನು ಯೋಗದ ಟೀಚರು, ಸುಳ್ಳು ಬರೆಯಲ್ಲ" ಅಂದ್ರು. ಸರ್ಕಾರದ ಪಟ್ಟೀಲಿ ಇಲ್ದೋರನ್ನ ಯಾರು ನೋಡ್ಕೋಬೇಕು? ಅವರಿಂದ ಕಲಿತೋರು ನೋಡ್ಕೋಬೇಕು. ನಾವು ಮಾಡಿದ್ದು ಅಷ್ಟೇ.

ಆಗಸ್ಟಲ್ಲಿ ಬಾಗಿಲು ತೆಗೆದ್ಮೇಲೂ ಸುಲಭ ಇರ್ಲಿಲ್ಲ. ಒಬ್ಬೊಬ್ರಿಗೆ ನಾಲ್ಕು ಚದರ ಮೀಟರ್ ಜಾಗ ಬಿಡ್ಬೇಕು, ಆರಡಿ ದೂರ ಇರ್ಬೇಕು, ಚಾಪೆ ಅವರವರದ್ದೇ, 65 ದಾಟಿದೋರು ಬರದಿದ್ರೆ ಒಳ್ಳೇದು, ಜೋರಾಗಿ ನಗೋ ಯೋಗ ಬೇಡ ಅಂತೆಲ್ಲ ಕೇಂದ್ರದ ಆರೋಗ್ಯ ಇಲಾಖೆ ನಿಯಮ ಮಾಡಿತ್ತು. ನಮ್ಮ ರೂಮನ್ನ ಅಳತೆ ಹಾಕಿದ್ರೆ ಏಳು ಜನಕ್ಕೂ ಸರಿಯಾಗಿ ಜಾಗ ಇಲ್ಲ. ಟೀಚರಮ್ಮನೂ ಸೇರಿ ಏಳು, ಅಂದ್ರೆ ನಾವು ಆರು. ಮೊದಲು ಎರಡು ಕ್ಲಾಸಲ್ಲಿ ಮುಗೀತಿದ್ದ ಕೆಲಸಕ್ಕೆ ಮೂರು ನಾಲ್ಕು ಕ್ಲಾಸು. ಮಧ್ಯೆ ಮಧ್ಯೆ ನೆಲ ಒರೆಸೋದು, ಕಿಟಕಿ ತೆಗೆಯೋದು, ಜ್ವರ ನೋಡೋದು. ಎರಡರಷ್ಟು ಕೆಲಸ, ಅದೇ ದುಡ್ಡು. ಆವಾಗ "ಫೀಸು ಕಮ್ಮಿ ಮಾಡ್ಕೊಳ್ಳಿ, ಕೊರೋನ ಅಲ್ವಾ" ಅಂತ ಕೇಳ್ದೋರೂ ಇದ್ರು. ಅವರ ಮನೇಲಿ ಆ ವರ್ಷಾನೇ ಹೊಸ ಫ್ರಿಜ್ಜು ಬಂದಿತ್ತು. ಇಷ್ಟು ಸಾಕು.

ಆಮೇಲೆ 2021ರ ಏಪ್ರಿಲ್. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ. 27ರ ರಾತ್ರಿಯಿಂದ ಮತ್ತೆ ಬೀಗ. ಆಸ್ಪತ್ರೇಲಿ ಬೆಡ್ಡಿಲ್ಲ, ಆಕ್ಸಿಜನ್ ಇಲ್ಲ. ಆ ಹೊತ್ತಲ್ಲಿ ನಮ್ಮ ಗ್ರೂಪು ಯೋಗದ ಗ್ರೂಪಾಗಿ ಉಳೀಲಿಲ್ಲ. ನಾಲ್ಕು ಜನ ಸೇರಿ ಒಂದು ಆಕ್ಸಿಮೀಟರ್ ತಗೊಂಡ್ವಿ, ಅದು ಮನೆಯಿಂದ ಮನೆಗೆ ತಿರುಗ್ತಿತ್ತು, ಪ್ರತಿ ಸಲ ಒರೆಸಿ ಕೊಡೋದು. ಗೇಟಿಗೆ ಊಟದ ಡಬ್ಬಿ ನೇತಾಕಿ ಬರೋದು. ಮನೇಲಿದ್ದು ನೋಡ್ಕೊಳ್ಳೋರಿಗೆ ಆಕ್ಸಿಜನ್ 94ಕ್ಕಿಂತ ಇಳಿದ್ರೆ ಬೋರಲು ಮಲಗಿಸ್ರಿ ಅಂತ ಆರೋಗ್ಯ ಇಲಾಖೆ ಆ ಏಪ್ರಿಲಲ್ಲೇ ಹೇಳಿತ್ತು. ಅದನ್ನ ಟೀಚರಮ್ಮ ಫೋನಲ್ಲಿ ಮಲಗಿ ತೋರಿಸಿದ್ರು. ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆ ಮೇಲ್ಭಾಗದ ತನಕ ಒಂದೋ ಎರಡೋ, ಮೊಣಕಾಲಿನ ಕೆಳಗೆ ಎರಡು. ಊಟ ಆಗಿ ಒಂದು ಗಂಟೆ ಮಲಗಂಗಿಲ್ಲ. ಬಸುರೀರು, ಹೃದಯದ ತೊಂದ್ರೆ ಇರೋರು ಮಾಡಂಗಿಲ್ಲ. "ಇದು ಆಸ್ಪತ್ರೆಗೆ ಬದ್ಲಿ ಅಲ್ಲ, ಹೋಗೋ ತನಕ ಕಾಪಾಡೋಕೆ" ಅಂತ ಪ್ರತಿ ಸಲಾನೂ ಹೇಳೋರು. ಹೊರಗಡೆ ಪ್ರಾಣಾಯಾಮ ಮಾಡಿದ್ರೆ ಕೊರೋನಾನೇ ಬರಲ್ಲ ಅಂತ ಮೆಸೇಜು ಓಡಾಡ್ತಿದ್ವು. ಇವರು ಯೋಗದಿಂದ ಬದುಕೋರಾದ್ರೂ "ಹಂಗೆಲ್ಲ ಏನಿಲ್ಲ, ಹೋಗಿ ಲಸಿಕೆ ಹಾಕಿಸ್ಕೊಳ್ಳಿ" ಅಂದ್ರು. 45 ದಾಟಿದೋರಿಗೆ ಏಪ್ರಿಲ್ 1ರಿಂದ ಕೊಡ್ತಿದ್ರು, ನಮ್ಮಲ್ಲಿ ಹೆದರ್ಕೊಂಡು ಕೂತಿದ್ದ ನಾಲ್ಕು ಜನ ಅವರ ಮಾತು ಕೇಳಿ ಹಾಕಿಸ್ಕೊಂಡ್ರು. ಡಾಕ್ಟ್ರು ಹೇಳಿದ್ರೆ ಕೇಳದೋರು ಅವರು.

ಎಲ್ಲಾರೂ ಉಳೀಲಿಲ್ಲ. ನಮ್ಮಲ್ಲಿ ಒಬ್ರು ಆ ಮೇ ತಿಂಗಳಲ್ಲಿ ಹೋದ್ರು. ಬೋರಲು ಮಲಗಿಸಿದ್ರು, ಆಂಬುಲೆನ್ಸು ಬಂತು, ಆಸ್ಪತ್ರೆಗೂ ಸೇರಿಸಿದ್ರು, ಆದ್ರೂ ಹೋದ್ರು. ಯೋಗ ಎಲ್ಲಾನೂ ಉಳಿಸುತ್ತೆ ಅಂತ ನಾನು ಯಾವತ್ತೂ ಹೇಳಲ್ಲ. ಮುಖ ನೋಡೋಕೂ ಆಗ್ಲಿಲ್ಲ ನಮಗೆ. ಆದ್ರೆ ಅವರ ಮನೇಲಿ ಹದಿನಾಲ್ಕು ದಿನ ಯಾರೂ ಒಳಗೆ ಹೋಗದಿದ್ದಾಗ, ಸೊಸೆ ಮತ್ತೆ ಎರಡು ಮಕ್ಕಳಿಗೆ ಎರಡು ಹೊತ್ತು ಊಟ ಹೋಗಿದ್ದು ನಮ್ಮ ಕ್ಲಾಸಿಂದ. ಆ ಸೊಸೆ ಇವತ್ತು ಆರು ಗಂಟೆ ಕ್ಲಾಸಿಗೆ ಬರ್ತಾಳೆ.

ಇದೆಲ್ಲ ಯಾಕೆ ಸಾಧ್ಯ ಆಯ್ತು? ಕ್ಲಾಸು ಅಂತ ಒಂದು ಉಳ್ಕೊಂಡಿದ್ದಕ್ಕೆ. 2020ರ ಜೂನಲ್ಲೇ "ನಡೀದಿರೋದಕ್ಕೆ ಯಾಕೆ ದುಡ್ಡು" ಅಂತ ಎಲ್ಲಾರೂ ಕೈ ಎತ್ತಿದ್ದಿದ್ರೆ, 2021ರ ಮೇನಲ್ಲಿ ಫೋನ್ ಮಾಡೋಕೆ ಟೀಚರಮ್ಮಾನೂ ಇರ್ತಿರ್ಲಿಲ್ಲ, ಗ್ರೂಪೂ ಇರ್ತಿರ್ಲಿಲ್ಲ. 400 ರೂಪಾಯಿಗೆ ಏನು ಬಂತು ಅಂತ ಕೇಳ್ತೀರಲ್ಲ, ಅದು ಬಂತು.

ಇನ್ನು ನಾಲ್ಕನೇ ಮಾತು, ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು. "ಮನೆ ಕೆಲಸಾನೇ ವ್ಯಾಯಾಮ, ಹೆಂಗಸ್ರಿಗೆ ಯೋಗ ಎಲ್ಲಾ ಶೋಕಿ." ಇದನ್ನ ಗಂಡಸ್ರು ಹೇಳಿದ್ರೆ ಒಂದು ಥರ, ನಮ್ಮ ಹೆಂಗಸ್ರೇ ಹೇಳ್ತಾರೆ. ಬಿಚ್ಚಾಣಿಕೇಲಿ ಬಿಸಿನೀರಿಗೆ ಕೈ ಹಾಕ್ಕೊಂಡು ದಿನಾ ಎಂಟು ಗಂಟೆ ಬಗ್ಗಿ ಕೂತ್ರೆ ಅದು ವ್ಯಾಯಾಮಾನಾ? ಸೊಪ್ಪಿನ ಮೂಟೆ ಹೊರೋದು ಬೆನ್ನಿಗೆ ಒಳ್ಳೇದಾ? ಒಂದೇ ಕಡೆ ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ, ಒಂದೇ ಕೈ ಆಡಿಸಿ ಆಡಿಸಿ ಭುಜ ಹಿಡಿಯುತ್ತೆ. ಕೆಲಸ ಮೈಯನ್ನ ಸವೆಸುತ್ತೆ, ಸವೆದ ಮೈಗೆ ಆರೈಕೆ ಬೇಕು. ಗಂಡಸ್ರು ಸಂಜೆ ಟೀ ಅಂಗಡೀಲಿ ಎರಡು ಗಂಟೆ ಕೂತ್ರೆ ಅದನ್ನ ಯಾರೂ ಶೋಕಿ ಅನ್ನಲ್ಲ. ನಾವು ಒಂದು ಗಂಟೆ ಕಣ್ಮುಚ್ಚಿ ಮಲಗಿದ್ರೆ ಅದಕ್ಕೆ ಲೆಕ್ಕ ಕೇಳ್ತೀರಿ.

ಒಂದು ಮಾತು ಸ್ಪಷ್ಟವಾಗಿ ಹೇಳ್ಬಿಡ್ತೀನಿ, ಯಾರೂ ತಪ್ಪು ತಿಳ್ಕೋಬಾರ್ದು. ಕಟ್ಟೋಕಾಗದೋರ ಬಗ್ಗೆ ನಾನು ಒಂದಕ್ಷರ ಬರೀತಿಲ್ಲ. ಗಂಡನ ಕೆಲಸ ಹೋಗಿತ್ತು, ಬಿಚ್ಚಾಣಿಕೆ ನಿಂತಿತ್ತು, ಮನೇಲಿ ಅಕ್ಕಿಗೇ ಕಷ್ಟ ಇತ್ತು. ಅಂಥೋರು ಆರು ಜನ ಇದ್ರು, ಅವರ ಹತ್ರ ಟೀಚರಮ್ಮ ದುಡ್ಡು ಮುಟ್ಲಿಲ್ಲ. ಅವರಲ್ಲೇ ಒಬ್ರು ಎರಡು ಸೇರು ರಾಗಿ ತಂದುಕೊಟ್ರು, ಇನ್ನೊಬ್ರು ಅವರೇಕಾಯಿ ಕಾಲದಲ್ಲಿ ಸೊನೆ ಅವರೆ ಕೊಟ್ರು. ನಾನು ಹೇಳ್ತಿರೋದು ಕೈಲಾಗಿದ್ದೂ ಕಟ್ಟದೆ, ಬಾಗಿಲು ತೆಗೆದ ದಿನ ಮೊದಲನೇ ಸಾಲಲ್ಲಿ ಚಾಪೆ ಹಾಸಿದ ಐದು ಜನದ ಬಗ್ಗೆ. ಅವರಿಗೂ ಟೀಚರಮ್ಮ ಅಷ್ಟೇ ಪ್ರೀತೀಲಿ ಹೇಳಿಕೊಟ್ರು. ನಾನಾಗಿದ್ರೆ ಎರಡು ಮಾತು ಆಡಿರ್ತಿದ್ದೆ.

ರೇಷ್ಮೆ ಬಿಚ್ಚೋದು ನೋಡಿರ್ತೀರಲ್ಲ. ಒಂದು ಗೂಡಿನ ಎಳೆ ಕಣ್ಣಿಗೂ ಕಾಣದಷ್ಟು ಸಣ್ಣ. ಏಳೆಂಟು ಗೂಡಿನ ಎಳೆ ಸೇರಿದ್ರೇನೇ ಒಂದು ದಾರ. ಮಧ್ಯೆ ಒಂದು ಗೂಡು ಮುಗಿದೋದ್ರೆ ಬಿಚ್ಚೋಳು ತಕ್ಷಣ ಇನ್ನೊಂದು ಎಳೆ ಕೊಡ್ತಾಳೆ, ಇಲ್ದಿದ್ರೆ ದಾರ ಸಣ್ಣ ಆಗಿ ತುಂಡಾಗುತ್ತೆ. ಕ್ಲಾಸೂ ಹಂಗೇ. ಆರು ಜನದ ಕೈಲಾಗದಿದ್ದಾಗ ಮಿಕ್ಕಿದೋರು ಹಿಡ್ಕೋಬೇಕು. ಹಿಡ್ಕೊಂಡಿದ್ದಕ್ಕೇ ದಾರ ಉಳೀತು.

2022ರ ಜೂನ್ 21ಕ್ಕೆ ಮೈಸೂರು ಅರಮನೆ ಮುಂದೆ ಪ್ರಧಾನಿಗಳು ಬಂದು ಸಾವಿರಾರು ಜನದ ಜೊತೆ ಯೋಗ ಮಾಡಿದ್ರು. ನೋಡೋಕೆ ಕಣ್ತುಂಬ ಇತ್ತು, ನಮ್ಮ ರಾಜ್ಯಕ್ಕೆ ಹೆಮ್ಮೆ. ಅದೇ ಊರಲ್ಲೇ ಅಲ್ವಾ 1950ರಲ್ಲಿ ಯೋಗಶಾಲೆ ಮುಚ್ಚಿದ್ದು. ವರ್ಷಕ್ಕೊಂದು ದಿನ ಮೈದಾನ ತುಂಬ್ಸೋದು ಸುಲಭ. ಮಿಕ್ಕಿದ 364 ದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಬೀಗ ತೆಗೆದು, ಕಸ ಗುಡಿಸಿ, ಕಾಯ್ಕೊಂಡು ಕೂರೋರು ಯಾರು? ಅವರನ್ನ ಉಳಿಸ್ಕೊಳ್ಳೋದು ನಮ್ಮ ಕೆಲಸ.

ಈಗಿನ ಲೆಕ್ಕಕ್ಕೆ ಬರ್ತೀನಿ. ಓನರು ಬಾಡಿಗೆ 7,000 ಮಾಡವ್ರೆ. ಅವರದ್ದೂ ತಪ್ಪಲ್ಲ, ಏರ್‌ಪೋರ್ಟ್ ಕಡೆ ಕೆಲಸ ಮಾಡೋ ಹುಡುಗ್ರಿಗೆ ಕೊಟ್ರೆ ಇನ್ನೂ ಜಾಸ್ತಿ ಸಿಗುತ್ತೆ ಅವರಿಗೆ. ಫೀಸು 600 ಆಗೈತೆ. ಬರೋರು ಹನ್ನೆರಡು ಜನ, ಒಟ್ಟು 7,200. ಬಾಡಿಗೆ ಕೊಟ್ರೆ ಟೀಚರಮ್ಮನಿಗೆ ಉಳಿಯೋದು 200 ರೂಪಾಯಿ. ಕೊರೋನ ಇಲ್ದೇನೂ ಕೊರೋನ ಟೈಮಿನ ಲೆಕ್ಕಾನೇ ಬಂದೈತೆ. ಇನ್ನು ಎಂಟು ಜನ ಬಂದ್ರೆ 12,000 ಆಗುತ್ತೆ, ಅವರ ಕೈಲಿ 5,000 ಉಳಿಯುತ್ತೆ, ಕ್ಲಾಸು ನಿಲ್ಲುತ್ತೆ. ಈ ತಿಂಗಳ ಕೊನೆಗೆ ರೂಮು ಇಟ್ಕೋಬೇಕಾ ಬಿಡ್ಬೇಕಾ ಅಂತ ಅವರು ಓನರಿಗೆ ಹೇಳ್ಬೇಕು.

ನಿಮ್ಮಲ್ಲಿ ಎಂಟು ಜನ ಸಾಕು. ತಿಂಗಳಿಗೆ ಆರ್ನೂರು ಅಂದ್ರೆ ದಿನಕ್ಕೆ ಇಪ್ಪತ್ತು ರೂಪಾಯಿ. ಕೆಳಗಿನ ಬೀದಿ ಚಿಕ್ಕಮ್ಮ, ನಿಮ್ಮ ಮಂಡಿ ನೋವಿಗೆ ಕುರ್ಚಿ ಮೇಲೆ ಕೂತು ಮಾಡೋದೂ ಹೇಳಿಕೊಡ್ತಾರೆ. ದೊಡ್ಡತ್ತಿಗೆ, ಸೊಸೇನ ಕಳಿಸ್ರಿ, ಅಡುಗೆ ಒಂದು ಗಂಟೆ ತಡ ಆದ್ರೆ ಯಾರೂ ಸಾಯಲ್ಲ. ಬರೋಕಾಗದೋರು, ದೂರದಲ್ಲಿರೋರು ಯಾರಾದ್ರೂ ಒಬ್ರು ಬಡ ಹೆಣ್ಣುಮಗಳ ಫೀಸು ಕಟ್ರಿ. ಆರು ಗಂಟೆ ಕ್ಲಾಸಲ್ಲಿ ಐದು ಜಾಗ ಐತೆ, ಹನ್ನೊಂದು ಗಂಟೇದ್ರಲ್ಲಿ ಎಂಟು. ಚಾಪೆ ಇಲ್ದಿದ್ರೆ ಮನೆ ಜಮಖಾನ ತನ್ನಿ, ಬರೋಕೆ ಮುಂಚೆ ಎರಡು ಗಂಟೆ ಏನೂ ತಿನ್ಬೇಡಿ, ಮಾತ್ರೆ ತಗೋತಿದ್ರೆ ಚೀಟಿ ತಂದು ತೋರ್ಸಿ. ಸೋಮವಾರ ಬರೋರು ಭಾನುವಾರ ಸಂಜೆಯೊಳಗೆ ನನಗೊಂದು ಫೋನ್ ಮಾಡ್ರಿ.